ಅಂತಿಮ ಇಚ್ಛೆ: ಮನೆಯವರೊಡನೆ ಮಾತು, ಕಾಗದದ ಮೇಲೆ ಬರಹ



ಮನುಷ್ಯನು ತನ್ನ ಕೊನೆಯ ದಿನಗಳಲ್ಲಿ ಯಾವ ಬಗೆಯ ಚಿಕಿತ್ಸೆ ಬೇಕು, ಯಾವುದು ಬೇಡ, ಯಾರು ತನ್ನ ಪರವಾಗಿ ಮಾತನಾಡಬೇಕು, ದೇಹಕ್ಕೆ ಯಾವ ಸಂಸ್ಕಾರವಾಗಬೇಕು ಎಂಬುದನ್ನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಮನೆಯವರಿಗೆ ತಿಳಿಸಿ ಬರೆದಿಡುವುದನ್ನು ಅಂತಿಮ ಇಚ್ಛೆಯ ದಾಖಲೆ ಎನ್ನಬಹುದು. ಇದರಲ್ಲಿ ಚಿಕಿತ್ಸೆಗೆ ಸಂಬಂಧಿಸಿದ ಭಾಗಕ್ಕೆ ನಮ್ಮ ದೇಶದ ಕಾನೂನಿನಲ್ಲಿ ‘ಮುಂಗಡ ವೈದ್ಯಕೀಯ ನಿರ್ದೇಶನ’ ಎಂಬ ಸ್ಥಾನವಿದೆ. ಜನರ ಬಾಯಲ್ಲಿ ಇದು ‘ಲಿವಿಂಗ್ ವಿಲ್’ ಎಂದು ಪರಿಚಿತ. ಕೆಲಗೇರಿಯ ಹಾಗೂ ಸುತ್ತಲಿನ ಭಕ್ತರು ಈ ವಿಷಯವಾಗಿ ಶ್ರೀಮಠದ ಕಾರ್ಯಾಲಯದಲ್ಲಿ ಆಗಾಗ ವಿಚಾರಿಸುತ್ತಿರುವುದರಿಂದ, ತಿಳಿದಿರಬೇಕಾದ ಸಂಗತಿಗಳನ್ನು ಒಂದೆಡೆ ಸಂಗ್ರಹಿಸಿ ಇಲ್ಲಿ ಕೊಟ್ಟಿದ್ದೇವೆ.

ಮಾತು ಏಕೆ ಬೇಕು

ಹಿಂದೆ ಹಿರಿಯರು ಮನೆಯಲ್ಲಿಯೇ, ಮಕ್ಕಳು ಮೊಮ್ಮಕ್ಕಳ ನಡುವೆ, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಲಿಂಗದ ಮೇಲೆ ದೃಷ್ಟಿಯಿಟ್ಟು ದೇಹ ಬಿಡುತ್ತಿದ್ದರು. ಇಂದು ಅನೇಕರ ಕೊನೆಯ ದಿನಗಳು ತೀವ್ರ ನಿಗಾ ಘಟಕದಲ್ಲಿ ಕಳೆಯುತ್ತವೆ. ಬಾಯಲ್ಲಿ ಕೊಳವೆ ಇರುವುದರಿಂದ ರೋಗಿ ಮಾತನಾಡಲಾರ. ಹೊರಗೆ ಕುಳಿತ ಮಕ್ಕಳಿಗೆ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಒಳಗೆ ಹೋಗುವ ಅವಕಾಶ. ವೈದ್ಯರು ಬಂದು “ಮುಂದೇನು ಮಾಡೋಣ?” ಎಂದು ಕೇಳಿದಾಗ ಊರಲ್ಲಿರುವ ಮಗನ ಅಭಿಪ್ರಾಯ ಒಂದು, ಬೆಂಗಳೂರಿನ ಮಗನದು ಇನ್ನೊಂದು, ಪರದೇಶದಿಂದ ದೂರವಾಣಿಯಲ್ಲಿ ಅಳುತ್ತಿರುವ ಮಗಳದು ಮತ್ತೊಂದು. ಮೂವರಿಗೂ ತಂದೆಯ ಮೇಲೆ ಪ್ರೀತಿಯಿದೆ. ತಂದೆಯ ಮನಸ್ಸಿನಲ್ಲಿ ಏನಿತ್ತು ಎಂಬುದು ಮಾತ್ರ ಮೂವರಿಗೂ ಗೊತ್ತಿಲ್ಲ.

ಇಂಥ ಹೊತ್ತಿನಲ್ಲಿ ಹೊಲ ಒತ್ತೆಯಿಟ್ಟು ಹಣ ಹೊಂದಿಸುವ ಮನೆಗಳಿವೆ. ಚಿಕಿತ್ಸೆ ನಿಲ್ಲಿಸಿದವರು “ನಾವೇ ಕೊಂದೆವೇನೋ” ಎಂದು ವರ್ಷಗಟ್ಟಲೆ ಕೊರಗುತ್ತಾರೆ. ಮುಂದುವರಿಸಿದವರು “ಅಷ್ಟು ನೋವು ಕೊಡಬಾರದಿತ್ತು” ಎಂದು ಕೊರಗುತ್ತಾರೆ. ಅಣ್ಣತಮ್ಮಂದಿರ ನಡುವೆ ಆ ದಿನ ಆಡಿದ ಒಂದು ಮಾತು ಎರಡು ಮನೆಗಳನ್ನು ಶಾಶ್ವತವಾಗಿ ಬೇರೆ ಮಾಡುವುದೂ ಉಂಟು. ಹಿರಿಯರು ಮುಂಚೆಯೇ ತಮ್ಮ ಇಚ್ಛೆಯನ್ನು ಹೇಳಿದ್ದರೆ ದುಃಖವೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಆ ತೀರ್ಮಾನದ ಭಾರ ಮಕ್ಕಳ ಹೆಗಲ ಮೇಲೆ ಬೀಳುತ್ತಿರಲಿಲ್ಲ.

ಸಾವಿನ ಮಾತು ಅಪಶಕುನವೇ?

“ಬಿಡ್ತು ಅನ್ನು, ಅಂಥ ಮಾತು ಬಾಯಾಗ ಬರಬಾರದು” ಎಂದು ಮನೆಯವರು ಮಾತನ್ನು ಅಲ್ಲಿಗೇ ನಿಲ್ಲಿಸುವುದು ಸಾಮಾನ್ಯ. ಆದರೆ ಲಿಂಗಾಯತ ಧರ್ಮದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಮರಣ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದರು. ಮರಣಕ್ಕೇ ಸೂತಕವಿಲ್ಲವೆಂದ ಮೇಲೆ ಮರಣದ ಮಾತಿಗೆ ಮೈಲಿಗೆ ಎಲ್ಲಿಂದ ಬರಬೇಕು? ನಾವು ಸತ್ತರೆಂದು ಹೇಳುವುದಿಲ್ಲ. ಲಿಂಗೈಕ್ಯರಾದರು, ಶಿವೈಕ್ಯರಾದರು ಎನ್ನುತ್ತೇವೆ. ಶರಣರ ಗುಣವನ್ನು ಮರಣದಲ್ಲಿ ನೋಡು ಎಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಇನ್ನೊಂದು ಸಂಶಯವೂ ಕೇಳಿಬರುತ್ತದೆ: ಚಿಕಿತ್ಸೆ ಬೇಡವೆನ್ನುವುದು ಆತ್ಮಹತ್ಯೆಗೆ ಸಮವಲ್ಲವೇ? ಶರಣರು ದೇಹವನ್ನು ದಂಡಿಸಲು ಹೇಳಲಿಲ್ಲ. ಅದನ್ನು ಪ್ರಸಾದಕಾಯವೆಂದು ಗೌರವಿಸಿದರು. ಆದ್ದರಿಂದ ಗುಣವಾಗಬಲ್ಲ ಕಾಯಿಲೆಗೆ ಔಷಧ ಪಡೆಯುವುದು ಕರ್ತವ್ಯವೇ ಸರಿ. ಇಲ್ಲಿ ಮಾತು ಬಂದಿರುವುದು ಗುಣವಾಗುವ ಭರವಸೆ ಇಲ್ಲದ, ಯಂತ್ರದ ಬಲದಿಂದ ಮಾತ್ರ ಉಸಿರು ನಡೆಯುತ್ತಿರುವ ಸ್ಥಿತಿಯ ಬಗೆಗೆ. ಅಲ್ಲಿ ಯಂತ್ರವನ್ನು ನಿರಾಕರಿಸಿದವನನ್ನು ಕೊಲ್ಲುವುದು ಅವನ ರೋಗವೇ ಹೊರತು ಅವನ ನಿರಾಕರಣೆಯಲ್ಲ. ನ್ಯಾಯಾಲಯವೂ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದೆ. ವಿಷದ ಸೂಜಿಮದ್ದು ಕೊಟ್ಟು ಪ್ರಾಣ ತೆಗೆಯುವುದು ಭಾರತದಲ್ಲಿ ಅಪರಾಧ. ಯಾವ ಕಾಗದದ ಬಲದಿಂದಲೂ ಅದನ್ನು ಕೇಳಲು ಬರುವುದಿಲ್ಲ.

ಬರೆದಿಟ್ಟ ಮಾತಿನ ಬೆಲೆ

ವಿಜಯಪುರದ ಜ್ಞಾನಯೋಗಾಶ್ರಮದ ಪರಮಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ಅವರು 2014ರ ಗುರುಪೂರ್ಣಿಮೆಯ ದಿನವೇ ‘ಅಂತಿಮ ಅಭಿವಂದನ ಪತ್ರ’ವನ್ನು ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ಕರ್ಮಗಳು ಬೇಡ, ಚಿತಾಭಸ್ಮವನ್ನು ನದಿ ಅಥವಾ ಸಾಗರದಲ್ಲಿ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರ ಸಾರಾಂಶ. ನಾಡಿನ ಮಠಗಳಲ್ಲಿ ಸಮಾಧಿ ಮಾಡಿ ಗದ್ದುಗೆ ಕಟ್ಟುವ ಪದ್ಧತಿ ಎಷ್ಟು ಬಲವಾದದ್ದೆಂದು ಎಲ್ಲರಿಗೂ ತಿಳಿದಿದೆ. ಬರಹ ಇಲ್ಲದಿದ್ದರೆ ಲಕ್ಷಾಂತರ ಭಕ್ತರ ಪ್ರೀತಿಯೇ ಆ ಇಚ್ಛೆಯನ್ನು ಮೀರುತ್ತಿತ್ತೇನೋ. ಬರಹವಿತ್ತು, ಆದ್ದರಿಂದ ಮರುದಿನ ಆಶ್ರಮದ ಆವರಣದಲ್ಲಿ ಅಗ್ನಿಸಂಸ್ಕಾರ ನೆರವೇರಿತು. ವಾದಕ್ಕೆ ಎಡೆಯೇ ಉಳಿಯಲಿಲ್ಲ. ಆ ಪತ್ರ ಚಿಕಿತ್ಸೆಗೆ ಸಂಬಂಧಿಸಿದ್ದಲ್ಲವಾದರೂ, ಎಂಟು ವರ್ಷಗಳಿಗೂ ಮುಂಚೆ, ಆರೋಗ್ಯದಲ್ಲಿರುವಾಗಲೇ ಬರೆದಿಟ್ಟದ್ದು ಗೃಹಸ್ಥರಾದ ನಮಗೆ ಪಾಠವಾಗಬೇಕು.

ಇದಕ್ಕೆ ಪ್ರತಿಯಾಗಿ, ಇಚ್ಛೆಯನ್ನು ಹೇಳುವ ಅವಕಾಶವೇ ದೊರೆಯದವರ ಕಥೆ ಅರುಣಾ ಶಾನಭಾಗರದು. ಉತ್ತರ ಕನ್ನಡದ ಹಳದೀಪುರದ ಈ ಹೆಣ್ಣುಮಗಳು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ನಡೆದ ಕ್ರೂರ ಹಲ್ಲೆಯಿಂದ ಅವರ ಮೆದುಳಿಗೆ ಆಘಾತವಾಗಿ, 2015ರ ಮೇ 18ರವರೆಗೆ ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿದರು. ಅಲ್ಲಿಯ ದಾದಿಯರು ಅವರನ್ನು ಮನೆಯ ಮಗಳಂತೆ ನೋಡಿಕೊಂಡರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಆದರೆ ಗುಣವಾಗದ ಸ್ಥಿತಿಯಲ್ಲಿ ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಲು ಕೆಲವು ಕಟ್ಟುಪಾಡುಗಳೊಡನೆ ಅದೇ ತೀರ್ಪು ದಾರಿ ಮಾಡಿಕೊಟ್ಟಿತು. ಅರುಣಾ ಅವರ ಸ್ವಂತ ಇಚ್ಛೆ ಏನಿತ್ತೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಕಾನೂನು ನಡೆದುಬಂದ ದಾರಿ

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಸಾರಿತು. ಮುಂಗಡ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಆದರೆ ಅಂದು ವಿಧಿಸಿದ ಕ್ರಮ ಬಹಳ ಕಠಿಣವಾಗಿತ್ತು. ಕಾಗದಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯ ಸಹಿಯೇ ಬೇಕಾಗಿದ್ದುದರಿಂದ ಸಾಮಾನ್ಯರಿಗೆ ಅದು ನಿಲುಕದ ಫಲವಾಯಿತು. 2023ರ ಜನವರಿ 24ರಂದು ನ್ಯಾಯಾಲಯವೇ ಈ ಕ್ರಮವನ್ನು ಸರಳಗೊಳಿಸಿತು. ಈಗ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಸಾಕು.

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು 2025ರ ಜನವರಿ 30ರಂದು ಈ ತೀರ್ಪನ್ನು ರಾಜ್ಯದಲ್ಲಿ ಜಾರಿಗೊಳಿಸುವ ಆದೇಶ ಹೊರಡಿಸಿತು. ಈ ಹಕ್ಕಿಗಾಗಿ ದೀರ್ಘಕಾಲ ಹೋರಾಡಿದವರಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ನಾಡಿಗೆ ಪರಿಚಿತವಾದದ್ದು. ನೆರೆಯ ಗೋವೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರು 2024ರ ಮೇ ತಿಂಗಳಲ್ಲಿ ತಮ್ಮದೇ ನಿರ್ದೇಶನವನ್ನು ದಾಖಲಿಸಿ ಜನರಿಗೆ ಮೇಲ್ಪಂಕ್ತಿ ಹಾಕಿದರು.

ದಾಖಲೆಯನ್ನು ಬರೆಯುವ ಕ್ರಮ

ಹದಿನೆಂಟು ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೇ ಆಗಲಿ ಸ್ವಇಚ್ಛೆಯಿಂದ ಇದನ್ನು ಬರೆಯಬಹುದು. ಭಾಷೆ ಕನ್ನಡವಾಗಿದ್ದರೆ ಅಡ್ಡಿಯಿಲ್ಲ, ಮಾತು ಸ್ಪಷ್ಟವಾಗಿರಬೇಕು. ದಾಖಲೆಯಲ್ಲಿ ಇರಬೇಕಾದ ಸಂಗತಿಗಳು ಇವು:

1. ಬರೆಯುವವರ ಹೆಸರು, ವಯಸ್ಸು, ವಿಳಾಸ. ಯಾರ ಒತ್ತಾಯವೂ ಇಲ್ಲದೆ, ಪರಿಣಾಮವನ್ನು ತಿಳಿದೇ ಬರೆಯುತ್ತಿರುವೆನೆಂಬ ಮಾತು.

2. ಯಾವ ಸ್ಥಿತಿಯಲ್ಲಿ ಇದು ಜಾರಿಗೆ ಬರಬೇಕು: ಗುಣವಾಗದ ಅಂತಿಮ ಹಂತದ ರೋಗ, ಅಥವಾ ಮರಳಿ ಪ್ರಜ್ಞೆ ಬರುವ ಭರವಸೆ ಇಲ್ಲದ ಸ್ಥಿತಿ.

3. ಆ ಸ್ಥಿತಿಯಲ್ಲಿ ಬೇಡವಾದ ಚಿಕಿತ್ಸೆಗಳು: ಕೃತಕ ಉಸಿರಾಟದ ಯಂತ್ರ, ಹೃದಯ ನಿಂತಾಗ ಎದೆಯನ್ನೊತ್ತಿ ಮರಳಿ ನಡೆಸುವ ಯತ್ನ, ಡಯಾಲಿಸಿಸ್, ಕೊಳವೆಯ ಮೂಲಕ ಆಹಾರ ಮುಂತಾದವು. ಪ್ರತಿಯೊಂದನ್ನೂ ಹೆಸರಿಸಿ ಬರೆಯುವುದು ಒಳ್ಳೆಯದು. “ಹೆಚ್ಚು ಕಷ್ಟ ಕೊಡಬೇಡಿ” ಎಂಬಂಥ ಮಾತಿನಿಂದ ವೈದ್ಯರಿಗೆ ದಾರಿ ತಿಳಿಯದು.

4. ಬೇಕಾದ ಆರೈಕೆ: ನೋವು ಶಮನ, ಉಸಿರುಗಟ್ಟುವಿಕೆಗೆ ಔಷಧ, ಸ್ವಚ್ಛತೆ, ಸಾಧ್ಯವಿದ್ದರೆ ಮನೆಯಲ್ಲಿಯೇ ಇರುವ ವ್ಯವಸ್ಥೆ.

5. ತಾವು ನಿರ್ಧರಿಸಲಾರದಂತಾದಾಗ ತಮ್ಮ ಪರವಾಗಿ ಮಾತನಾಡಬೇಕಾದವರ ಹೆಸರುಗಳು. ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಹೆಸರಿಸಬೇಕು.

ಈ ಕಾಗದಕ್ಕೆ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸಹಿ ಮಾಡಬೇಕು. ಸಾಕ್ಷಿಗಳು ಆದಷ್ಟೂ ಸ್ವತಂತ್ರರಾಗಿರಲಿ. ಆಸ್ತಿಯಲ್ಲಿ ಪಾಲು ಬರುವವರು ಸಾಕ್ಷಿಯಾಗದಿರುವುದು ಲೇಸು. ಅನಂತರ ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಣ ಮಾಡಿಸಬೇಕು. ಒಂದು ಪ್ರತಿಯನ್ನು ಹೆಸರಿಸಿದ ಪ್ರತಿನಿಧಿಗಳಿಗೂ, ಒಂದನ್ನು ಮನೆಯ ವೈದ್ಯರಿಗೂ ಕೊಡಬೇಕು. ಸ್ಥಳೀಯ ಸಂಸ್ಥೆಯಲ್ಲಿ, ಎಂದರೆ ಮಹಾನಗರ ಪಾಲಿಕೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ, ಗೊತ್ತುಪಡಿಸಿದ ಅಧಿಕಾರಿಯ ವಶಕ್ಕೆ ಒಂದು ಪ್ರತಿ ಸೇರಬೇಕೆಂದು ನ್ಯಾಯಾಲಯ ಹೇಳಿದೆ. ಮೂಲಪ್ರತಿಯನ್ನು ಬ್ಯಾಂಕಿನ ಲಾಕರಿನಲ್ಲಿ ಬೀಗ ಹಾಕಿಡಬೇಡಿ. ನಡುರಾತ್ರಿ ಆಸ್ಪತ್ರೆಗೆ ಹೋಗುವಾಗ ಅದು ಕೈಗೆ ಸಿಗಬೇಕು.

ಬರೆದದ್ದನ್ನು ಯಾವಾಗ ಬೇಕಾದರೂ ಲಿಖಿತವಾಗಿ ಬದಲಿಸಬಹುದು, ಇಲ್ಲವೇ ಹಿಂತೆಗೆದುಕೊಳ್ಳಬಹುದು. ಪ್ರಜ್ಞೆ ಸರಿಯಾಗಿರುವವರೆಗೆ ರೋಗಿಯ ಬಾಯಿಮಾತೇ ಅಂತಿಮ; ಆಗ ಈ ಕಾಗದದ ಪ್ರಸ್ತಾಪವೇ ಬರುವುದಿಲ್ಲ. ಅಪಘಾತವಾದರೆ, ಹೃದಯಾಘಾತವಾದರೆ ವೈದ್ಯರು ಚಿಕಿತ್ಸೆಯನ್ನೇ ಕೊಡದೆ ಬಿಡುವರೆಂಬ ಭಯವೂ ಬೇಡ. ಗುಣವಾಗುವ ಕಾಯಿಲೆಗೆ ಇದು ಅನ್ವಯಿಸದು.

ಆಸ್ಪತ್ರೆಯಲ್ಲಿ ನಡೆಯುವ ಕ್ರಮ

ಕಾಗದ ತೋರಿಸಿದೊಡನೆ ಯಂತ್ರ ತೆಗೆಯುವುದಿಲ್ಲ. ಆಸ್ಪತ್ರೆಯು ಮೊದಲು ಪ್ರಾಥಮಿಕ ವೈದ್ಯ ಮಂಡಳಿಯನ್ನು ರಚಿಸುತ್ತದೆ. ಚಿಕಿತ್ಸೆ ನೀಡುತ್ತಿರುವ ವೈದ್ಯರೊಡನೆ ಕನಿಷ್ಠ 5 ವರ್ಷ ಅನುಭವವುಳ್ಳ ಇಬ್ಬರು ತಜ್ಞರು ಅದರಲ್ಲಿರುತ್ತಾರೆ. ಅವರು ಒಪ್ಪಿದರೆ ಎರಡನೆಯ ಮಂಡಳಿ ಮತ್ತೊಮ್ಮೆ ಪರಿಶೀಲಿಸುತ್ತದೆ. ಅದರಲ್ಲಿ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ನೇಮಿಸಿದ ಒಬ್ಬ ವೈದ್ಯರೂ, ಮೊದಲ ಮಂಡಳಿಯಲ್ಲಿಲ್ಲದ ಇಬ್ಬರು ತಜ್ಞರೂ ಇರುತ್ತಾರೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. ರೋಗಿಯು ಹೆಸರಿಸಿದವರ ಸಮ್ಮತಿಯೂ ಬೇಕು. ಜಾರಿಗೊಳಿಸುವ ಮುನ್ನ ಆಸ್ಪತ್ರೆಯು ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗೆ ವಿಷಯ ತಿಳಿಸಬೇಕು. ಮಂಡಳಿ ಒಪ್ಪದಿದ್ದರೆ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು. ನಮ್ಮ ಭಾಗದವರಿಗೆ 2013ರಿಂದ ಕಾಯಂ ಆಗಿರುವ ಧಾರವಾಡ ಪೀಠವೇ ಸಮೀಪದಲ್ಲಿದೆ. ಮುಂಗಡ ನಿರ್ದೇಶನ ಬರೆದಿರದ ರೋಗಿಗಳ ವಿಷಯದಲ್ಲಿಯೂ ಹತ್ತಿರದ ಬಂಧುಗಳ ಸಮ್ಮತಿಯೊಡನೆ ಇದೇ ಎರಡು ಮಂಡಳಿಗಳ ಕ್ರಮ ಅನ್ವಯಿಸುತ್ತದೆ. ಆದರೆ ಅಲ್ಲಿ ಬಂಧುಗಳು ಒಮ್ಮತಕ್ಕೆ ಬರುವುದೇ ಕಷ್ಟ.

ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವು, ಉಬ್ಬಸ, ಹುಣ್ಣು, ಆತಂಕ ಇವುಗಳನ್ನು ತಗ್ಗಿಸುವ ಉಪಶಾಮಕ ಆರೈಕೆ ಕೊನೆಯ ಉಸಿರಿನವರೆಗೂ ನಡೆಯಬೇಕು. ಕ್ಯಾನ್ಸರಿನಂಥ ರೋಗದ ತೀವ್ರ ನೋವಿಗೆ ಮಾರ್ಫಿನ್ ಉಪಯುಕ್ತ ಔಷಧ. 2014ರ ಕಾನೂನು ತಿದ್ದುಪಡಿಯಿಂದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವ ವಿಧಾನ ಸರಳವಾಗಿದೆ. ಮನೆಯವರು ಇದನ್ನು ವೈದ್ಯರಲ್ಲಿ ಕೇಳಲು ಹಿಂಜರಿಯಬಾರದು.

ಉಯಿಲು ಬೇರೆ, ಇದು ಬೇರೆ

ಆಸ್ತಿಯ ಉಯಿಲು ಅಥವಾ ಮೃತ್ಯುಪತ್ರವು ಮರಣಾನಂತರ ಜಾರಿಗೆ ಬರುತ್ತದೆ. ವೈದ್ಯಕೀಯ ನಿರ್ದೇಶನವು ಬದುಕಿರುವಾಗಲೇ ಜಾರಿಗೆ ಬರುತ್ತದೆ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಬಾರದು. ಉಯಿಲನ್ನು ಸಾಮಾನ್ಯವಾಗಿ ಮಣ್ಣು ಮಾಡಿ ಬಂದ ಮೇಲೆಯೇ ತೆರೆದು ಓದುತ್ತಾರೆ. ಅಷ್ಟರಲ್ಲಿ ಚಿಕಿತ್ಸೆಯ ಮಾತು ಮುಗಿದೇ ಹೋಗಿರುತ್ತದೆ. ಸಂಸ್ಕಾರದ ಇಚ್ಛೆಯನ್ನು ಉಯಿಲಿನಲ್ಲಿ ಬರೆದರೂ ಇದೇ ತೊಂದರೆ. ಆದ್ದರಿಂದ ಅದನ್ನೂ ಬೇರೆ ಹಾಳೆಯಲ್ಲಿ ಬರೆದು ಮನೆಯವರ ಕೈಗೆ ಕೊಡಬೇಕು.

ಸಂಸ್ಕಾರ, ನೇತ್ರದಾನ, ದೇಹದಾನ

ಲಿಂಗಾಯತರಲ್ಲಿ ದೇಹವನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕ್ರಿಯಾಸಮಾಧಿ ಮಾಡುವುದು ರೂಢಿ. ಯಾವ ಸ್ಥಳದಲ್ಲಿ, ಹೊಲದಲ್ಲಿಯೋ ರುದ್ರಭೂಮಿಯಲ್ಲಿಯೋ, ಎಷ್ಟು ಸರಳವಾಗಿ, ಎಷ್ಟು ಖರ್ಚಿನಲ್ಲಿ ಎಂಬುದನ್ನು ಹಿರಿಯರು ಮೊದಲೇ ಹೇಳಿದರೆ ಸಾಲ ಮಾಡಿ ಅದ್ದೂರಿ ಮಾಡುವ ಸಂಕಟ ಮಕ್ಕಳಿಗೆ ತಪ್ಪುತ್ತದೆ.

ನೇತ್ರದಾನಕ್ಕೂ ಸಮಾಧಿಗೂ ವಿರೋಧವಿಲ್ಲ. ಮರಣದ ನಂತರ 6 ಗಂಟೆಗಳೊಳಗೆ ನೇತ್ರಭಂಡಾರಕ್ಕೆ ತಿಳಿಸಿದರೆ ಅವರೇ ಮನೆಗೆ ಬಂದು ಪಡೆಯುತ್ತಾರೆ; ಮುಖ ವಿಕಾರಗೊಳ್ಳುವುದಿಲ್ಲ; ಸಂಸ್ಕಾರ ಎಂದಿನಂತೆ ನಡೆಯುತ್ತದೆ. ಮೂತ್ರಪಿಂಡ, ಯಕೃತ್ತು ಮೊದಲಾದ ಅಂಗಗಳ ದಾನದ ಮಾತು ಬೇರೆ. ಅದು ಸಾಮಾನ್ಯವಾಗಿ ಮೆದುಳು ಸತ್ತಿದೆಯೆಂದು ಆಸ್ಪತ್ರೆಯಲ್ಲಿ ದೃಢಪಟ್ಟಾಗ ನಡೆಯುವಂಥದ್ದು. ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯ ಮೂಲಕ ಇದರ ವ್ಯವಸ್ಥೆಯಾಗುತ್ತದೆ. ಅಂಗಗಳನ್ನು ಪಡೆಯುವವರೆಗೆ ಕೆಲವು ಗಂಟೆ ದೇಹವನ್ನು ಉಸಿರಾಟದ ಯಂತ್ರದ ಮೇಲಿಡಬೇಕಾಗುವುದರಿಂದ, ಅಂಗದಾನದ ಇಚ್ಛೆಯುಳ್ಳವರು ತಮ್ಮ ನಿರ್ದೇಶನದಲ್ಲಿ ಅಷ್ಟಕ್ಕೆ ವಿನಾಯಿತಿ ಬರೆಯಬೇಕು.

ದೇಹದಾನವು 1957ರ ಕರ್ನಾಟಕ ಅಂಗರಚನಾಶಾಸ್ತ್ರ ಅಧಿನಿಯಮದ ಅಡಿಯಲ್ಲಿ ನಡೆಯುತ್ತದೆ. ನಮ್ಮ ಸೀಮೆಯಲ್ಲಿಯೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಬೈಲಹೊಂಗಲದ ವೈದ್ಯ ಬಸವಣ್ಣೆಪ್ಪ ರಾಮಣ್ಣವರ ಅವರು ತಮ್ಮ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಬಿಟ್ಟುಕೊಟ್ಟು, ತಮ್ಮ ಮಗನೇ ಅದನ್ನು ವಿಚ್ಛೇದಿಸಬೇಕೆಂದು ಬರೆದಿಟ್ಟಿದ್ದರು. ಬೆಳಗಾವಿಯ ಕೆಎಲ್ಇ ಆಯುರ್ವೇದ ಮಹಾವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಮಗ ಡಾ. ಮಹಾಂತೇಶ ರಾಮಣ್ಣವರ 2010ರ ನವೆಂಬರ್ 13ರಂದು, ತಂದೆಯ ಎರಡನೆಯ ಪುಣ್ಯತಿಥಿಯಂದು, ಅದನ್ನು ನೆರವೇರಿಸಿದರು. ಎಲ್ಲರಿಂದ ಇದು ಸಾಧ್ಯವಾಗದು, ಆಗಬೇಕೆಂದೂ ಇಲ್ಲ. ಆದರೆ ತಂದೆಯ ಇಚ್ಛೆ ಸ್ಪಷ್ಟವಾಗಿದ್ದುದರಿಂದ ಮಗನ ಕೈ ನಡುಗಲಿಲ್ಲ. ದೇಹದಾನ ಮಾಡಬಯಸುವವರು ವೈದ್ಯಕೀಯ ಮಹಾವಿದ್ಯಾಲಯದ ಅಂಗರಚನಾ ವಿಭಾಗದಲ್ಲಿ ಮುಂಚೆಯೇ ಅರ್ಜಿ ತುಂಬಬೇಕು. ಮರಣೋತ್ತರ ಪರೀಕ್ಷೆಯಾದ ಅಥವಾ ಕೆಲವು ಸಾಂಕ್ರಾಮಿಕ ರೋಗಗಳಿದ್ದ ದೇಹವನ್ನು ಸ್ವೀಕರಿಸುವುದಿಲ್ಲವಾದ್ದರಿಂದ, ಹಾಗಾದರೆ ಏನು ಮಾಡಬೇಕೆಂಬುದನ್ನೂ ಬರೆದಿಡಬೇಕು. ಇಷ್ಟಲಿಂಗವನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ತಮ್ಮ ಗುರುಗಳಲ್ಲಿ ಬದುಕಿರುವಾಗಲೇ ಕೇಳಿಕೊಳ್ಳುವುದು ಯೋಗ್ಯ. ಮನೆಯವರ ಒಪ್ಪಿಗೆ ಇಲ್ಲದೆ ಯಾವ ದಾನವೂ ನಡೆಯುವುದು ಕಷ್ಟ. ಆದ್ದರಿಂದ ಅರ್ಜಿಗಿಂತ ಮೊದಲು ಮಾತು.

ಮಾತು ಹೇಗೆ ಆರಂಭಿಸಬೇಕು

ರೋಗ ಬಂದ ಮೇಲೆ ಈ ಮಾತು ಕಠಿಣ, ಆರೋಗ್ಯವಿರುವಾಗ ಸುಲಭ. ಹಬ್ಬಕ್ಕೋ ಜಾತ್ರೆಗೋ ಮಕ್ಕಳೆಲ್ಲ ಕೂಡಿದ ದಿನ ಊಟವಾದ ಮೇಲೆ ಹಿರಿಯರೇ ಮಾತು ತೆಗೆಯುವುದು ಉತ್ತಮ. ಮಕ್ಕಳು ಕೇಳಿದರೆ “ಆಸ್ತಿಯ ಆಶೆಗೆ ಕೇಳುತ್ತಾರೆ” ಎಂಬ ಅನುಮಾನ ಹುಟ್ಟಬಹುದು. ಹಿರಿಯರೇ ಹೇಳಿದರೆ ಆ ಕಹಿ ಇರುವುದಿಲ್ಲ. ಮಕ್ಕಳೇ ಆರಂಭಿಸಬೇಕಾಗಿ ಬಂದರೆ ತಮ್ಮ ಇಚ್ಛೆಯನ್ನು ಮೊದಲು ಹೇಳಲಿ. ಸಾವು ವಯಸ್ಸಿನ ಸರದಿ ನೋಡಿ ಬರುವುದಿಲ್ಲವಲ್ಲ.

ಒಂದೇ ಕೂಡುವಿಕೆಯಲ್ಲಿ ಎಲ್ಲವನ್ನೂ ಮುಗಿಸಬೇಕೆಂದಿಲ್ಲ. ನಿಮಗೆ ಯಾವುದರ ಭಯ ಹೆಚ್ಚು, ನೋವಿನದೋ ಒಂಟಿತನದ್ದೋ? ಮನೆಯಲ್ಲಿರಬೇಕೋ ಆಸ್ಪತ್ರೆಯಲ್ಲೋ? ಮಾತು ನಿಂತಾಗ ಯಾರ ಮಾತನ್ನು ನಿಮ್ಮ ಮಾತೆಂದು ತಿಳಿಯಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಕಾಗದದ ಮುಕ್ಕಾಲು ಪಾಲು ಬರೆದಂತೆಯೇ. ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ಈ ಮಾತಿನಿಂದ ಹೊರಗಿಡಬೇಡಿ. ಹಾಸಿಗೆ ಹಿಡಿದವರ ಸೇವೆ ಬಹುಮಟ್ಟಿಗೆ ಅವರ ಕೈಯಲ್ಲಿಯೇ ನಡೆಯುವುದು. ತಾಯಿಯ ಇಚ್ಛೆಯನ್ನು ತಂದೆಯ ಬಾಯಿಂದ ಕೇಳದೆ ತಾಯಿಯಿಂದಲೇ ಕೇಳಿ. ಮರೆವಿನ ಕಾಯಿಲೆಯ ಲಕ್ಷಣ ಕಾಣಿಸಿದ ಹಿರಿಯರಿದ್ದರೆ ತಡಮಾಡಬೇಡಿ. ತಿಳಿವಳಿಕೆ ಇರುವಷ್ಟರಲ್ಲಿಯೇ ವೈದ್ಯರ ಅಭಿಪ್ರಾಯ ಪಡೆದು ಬರೆಯಿಸಿ.

ಅನಿಸಿಕೆಗಳು ಬದಲಾಗುತ್ತವೆ. ವರ್ಷಕ್ಕೊಮ್ಮೆ, ಬಸವ ಜಯಂತಿಯಂದೋ ಯುಗಾದಿಯಂದೋ, ಆ ಕಾಗದವನ್ನು ಹೊರತೆಗೆದು ಓದಿ. ಬದಲಾವಣೆ ಬೇಕಿದ್ದರೆ ಹೊಸದಾಗಿ ಬರೆದು ಹಳೆಯ ಪ್ರತಿಗಳನ್ನು ಹಿಂಪಡೆಯಿರಿ.

ಈ ಬರಹ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ತಮ್ಮ ದಾಖಲೆಯನ್ನು ಸಿದ್ಧಪಡಿಸುವಾಗ ಮನೆಯ ವೈದ್ಯರನ್ನೂ ಒಬ್ಬ ವಕೀಲರನ್ನೂ ಕೇಳಿ ಮುಂದುವರಿಯಬೇಕೆಂದು ವಿನಂತಿಸುತ್ತೇವೆ. ಕಾಗದ ಸಿದ್ಧವಾಗುವುದು ತಡವಾದರೂ ಚಿಂತೆಯಿಲ್ಲ. ಮನೆಯವರೊಡನೆ ಮಾತು ಮಾತ್ರ ಈ ವಾರವೇ ಆಗಲಿ.